ಲಂಡನ್–ಸಿಡ್ನಿ: ಇಪ್ಪತ್ತೆಂಟು ದಿನದಿಂದ ಇಪ್ಪತ್ತು ಗಂಟೆಗೆ

1919ರ ನವೆಂಬರ್ 29ರ ಬೆಳಿಗ್ಗೆ ಕಲ್ಕತ್ತೆಯ ರೇಸ್‌ಕೋರ್ಸ್ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಅವರು ನೋಡಲು ಬಂದದ್ದು ಕುದುರೆಗಳನ್ನಲ್ಲ, ಒಂದು ವಿಮಾನವನ್ನು. ವಿಕರ್ಸ್ ವಿಮಿ ಎಂಬ ಆ ಯಂತ್ರಕ್ಕೆ ಎರಡು ಎಂಜಿನ್, ಮೇಲೊಂದು ಕೆಳಗೊಂದು ಬಟ್ಟೆ ಹೊದಿಸಿದ ರೆಕ್ಕೆ. ಪೈಲಟ್ ಕೂರುವ ಜಾಗಕ್ಕೆ ಮೇಲ್ಚಾವಣಿಯೇ ಇಲ್ಲ. ಭರ್ತಿ ಇಂಧನ ತುಂಬಿಕೊಂಡು ಒದ್ದಾಡುತ್ತಾ ನೆಲ ಬಿಡುವ ಹೊತ್ತಿಗೆ ಹದ್ದುಗಳು ಅಡ್ಡ ಬಂದವು. ಒಂದು ರೆಕ್ಕೆಗೆ ಬಡಿಯಿತು, ಇನ್ನೊಂದು ಪ್ರೊಪೆಲ್ಲರಿಗೆ ಸಿಕ್ಕಿ ಚೂರಾಯಿತು. ಮರದ ಪ್ರೊಪೆಲ್ಲರ್ ಮುರಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮುರಿಯಲಿಲ್ಲ. ವಿಮಿ ಹೇಗೋ ಮೇಲೆದ್ದು ಬರ್ಮಾದ ಕಡೆಗೆ ತಿರುಗಿತು.

ಅದರಲ್ಲಿದ್ದವರು ನಾಲ್ವರು. ಆಸ್ಟ್ರೇಲಿಯಾದ ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಎಂಬ ಅಣ್ಣತಮ್ಮಂದಿರು, ಜೊತೆಗೆ ಜಿಮ್ ಬೆನೆಟ್, ವಾಲಿ ಶಿಯರ್ಸ್ ಎಂಬ ಇಬ್ಬರು ಮೆಕ್ಯಾನಿಕ್‌ಗಳು. ಮೊದಲ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತಷ್ಟೆ. ಬ್ರಿಟನ್ನಿನಿಂದ ಮೂವತ್ತು ದಿನದೊಳಗೆ ಆಸ್ಟ್ರೇಲಿಯಾಕ್ಕೆ ಹಾರಿ ಬರುವ ಆಸ್ಟ್ರೇಲಿಯನ್ನರಿಗೆ ಹತ್ತು ಸಾವಿರ ಪೌಂಡ್ ಬಹುಮಾನ ಎಂದು ಆ ದೇಶದ ಪ್ರಧಾನಿ ಬಿಲ್ಲಿ ಹ್ಯೂಸ್ ಘೋಷಿಸಿದ್ದರು. ಆಗ ಇದೇ ದಾರಿಗೆ ಹಡಗು ಆರು ವಾರ ತೆಗೆದುಕೊಳ್ಳುತ್ತಿತ್ತು. ಹುಚ್ಚುತನದ ಪಂದ್ಯವೆಂದು ಹಲವರು ಅಂದದ್ದರಲ್ಲಿ ಸುಳ್ಳೇನಿರಲಿಲ್ಲ. ಸ್ಪರ್ಧೆಗಿಳಿದ ಎರಡು ತಂಡಗಳು ಪ್ರಾಣ ಕಳೆದುಕೊಂಡವು. ಒಂದು ವಿಮಾನ ಹೊರಟು ಕೆಲವೇ ನಿಮಿಷಗಳಲ್ಲಿ ಲಂಡನ್ ಹೊರವಲಯದಲ್ಲಿ ಬಿತ್ತು, ಇನ್ನೊಂದು ಗ್ರೀಸಿನ ಕಾರ್ಫು ದ್ವೀಪದ ಬಳಿ ಸಮುದ್ರ ಸೇರಿತು. ಪಾರರ್ ಮತ್ತು ಮೆಕಿಂಟಾಶ್ ಎಂಬ ಜೋಡಿ ಹಟ ಬಿಡದೆ ಮುರಿದದ್ದನ್ನು ಕಟ್ಟಿಕೊಳ್ಳುತ್ತಾ, ಇಂಧನಕ್ಕೆ ಕಾಸು ಹೊಂದಿಸಿಕೊಳ್ಳುತ್ತಾ 206 ದಿನಕ್ಕೆ ತಲುಪಿತು. ಬಹುಮಾನದ ಗಡುವು ಎಂದೋ ಮುಗಿದಿತ್ತು. ನನಗೇನೋ ಈ ಇಡೀ ಪಂದ್ಯದಲ್ಲಿ ಗೆದ್ದವರಿಗಿಂತ ಈ ಇಬ್ಬರೇ ಹೆಚ್ಚು ಇಷ್ಟ.

ಸ್ಮಿತ್ ಸಹೋದರರು ನವೆಂಬರ್ 12ರಂದು ಲಂಡನ್ ಪಕ್ಕದ ಹೌನ್ಸ್‌ಲೋ ಹೀತ್‌ನಿಂದ ಹೊರಟವರು. ಇರಾಕಿನ ರಮಾದಿಯಲ್ಲಿ ರಾತ್ರಿ ಬಿರುಗಾಳಿ ಎದ್ದಾಗ ವಿಮಾನ ಹಾರಿಹೋಗದಂತೆ ಸೈನಿಕರು ಅದನ್ನು ಹಿಡಿದು ನಿಂತರು. ಜಾವಾದ ಸುರಬಯಾದಲ್ಲಿ ಚಕ್ರಗಳು ಕೆಸರಿನಲ್ಲಿ ಹೂತುಹೋದವು. ಸುತ್ತಲಿನ ಊರವರು ತಮ್ಮ ಮನೆಗಳ ಬಿದಿರಿನ ತಟ್ಟಿ, ಚಾಪೆಗಳನ್ನು ಹೊತ್ತು ತಂದು ಮುನ್ನೂರು ಗಜಕ್ಕೂ ಉದ್ದದ ದಾರಿ ಹಾಸಿದರು. ವಿಮಿ ಮೇಲೆದ್ದದ್ದು ಅದರ ಮೇಲೆ ಓಡಿ. ಡಿಸೆಂಬರ್ 10ರಂದು ಅದು ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಮುಟ್ಟಿತು. ಒಟ್ಟು 27 ದಿನ 20 ಗಂಟೆ, 17,911 ಕಿ.ಮೀ. ಬಹುಮಾನವನ್ನು ನಾಲ್ವರೂ ಸಮನಾಗಿ ಹಂಚಿಕೊಂಡರು. ಆ ವಿಮಾನ ಇವತ್ತಿಗೂ ಅಡಿಲೇಡ್ ವಿಮಾನ ನಿಲ್ದಾಣದಲ್ಲಿದೆ.

ಇಲ್ಲಿ ಒಂದು ಲೆಕ್ಕ ಮಾಡಬೇಕು. 27 ದಿನ 20 ಗಂಟೆ ಎಂದರೆ 668 ಗಂಟೆ. ಅದರಲ್ಲಿ ವಿಮಾನ ನಿಜವಾಗಿ ಗಾಳಿಯಲ್ಲಿದ್ದದ್ದು 136 ಗಂಟೆಗೆ ಐದು ನಿಮಿಷ ಕಡಿಮೆ. ಐದರಲ್ಲಿ ಒಂದು ಪಾಲು. ಮಿಕ್ಕ ನಾಲ್ಕು ಪಾಲು ಹೋದದ್ದು ಕತ್ತಲೆಗೆ, ಮಳೆಗೆ, ಕೆಸರಿಗೆ, ಎಂಜಿನ್ ಬಿಚ್ಚಿ ಜೋಡಿಸುವುದಕ್ಕೆ, ಡಬ್ಬಿಗಳಿಂದ ಪೆಟ್ರೋಲ್ ಸುರಿಯುವುದಕ್ಕೆ ಮತ್ತು ಇಳಿದ ಊರುಗಳ ಸನ್ಮಾನಕ್ಕೆ. ಮುಂದಿನ ನೂರು ವರ್ಷ ಈ ದಾರಿಯಲ್ಲಿ ನಡೆದದ್ದೆಲ್ಲ ಈ ನಾಲ್ಕು ಪಾಲನ್ನು ಕರಗಿಸುವ ಕೆಲಸವೇ. ವೇಗದ ದಾಖಲೆಗಳನ್ನು ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು, ನಿಜ. ಆದರೆ ಪ್ರಯಾಣದ ಕಾಲ ಇಳಿದದ್ದು ವಿಮಾನ ಎಲ್ಲೆಲ್ಲಿ ನಿಲ್ಲಬೇಕಿಲ್ಲ ಎಂಬುದು ಒಂದೊಂದಾಗಿ ಇತ್ಯರ್ಥವಾದಂತೆ.

ಭೂಗೋಳದ ಮೇಲೆ ದಾರ ಹಿಡಿದು ಲಂಡನ್ನಿನಿಂದ ಸಿಡ್ನಿಗೆ ಎಳೆದರೆ ಅದು ಭಾರತವನ್ನು ಮುಟ್ಟುವುದೇ ಇಲ್ಲ. ಬಾಲ್ಟಿಕ್ ಸಮುದ್ರ, ರಷ್ಯಾ, ಕಜಕಸ್ತಾನ, ಚೀನಾ, ಫಿಲಿಪ್ಪೀನ್ಸ್ ಕಡಲು, ಇಂಡೋನೇಷ್ಯಾ ದಾಟಿ ಸಿಡ್ನಿ ಸೇರುತ್ತದೆ. ಉದ್ದ ಸುಮಾರು 17,000 ಕಿ.ಮೀ. ಹಾಗಿದ್ದರೂ ಅರ್ಧ ಶತಮಾನ ಈ ದಾರಿಯ ನಡುಮನೆ ಭಾರತವೇ ಆಗಿತ್ತು. ಕಾರಣ ಸರಳ. ಬ್ರಿಟಿಷರ ವಿಮಾನಕ್ಕೆ ಇಳಿಯಲು ನೆಲ, ತುಂಬಿಸಿಕೊಳ್ಳಲು ಇಂಧನ, ಮಲಗಲು ಬಂಗಲೆ ಸಿಗುತ್ತಿದ್ದದ್ದು ಬ್ರಿಟಿಷರ ಸಾಮ್ರಾಜ್ಯದಲ್ಲಿ. ಕೈರೋ, ಬಾಗ್ದಾದ್, ಬಸ್ರಾ, ಕರಾಚಿ, ದೆಹಲಿ, ಅಲಹಾಬಾದ್, ಕಲ್ಕತ್ತಾ, ರಂಗೂನ್, ಸಿಂಗಪುರ ಎಂಬ ಸಾಲು ಸಾಮ್ರಾಜ್ಯದ ಕಂದಾಯದ ಪಟ್ಟಿಯೂ ಹೌದು, ವೈಮಾನಿಕ ದಾರಿಯೂ ಹೌದು.

ಒಬ್ಬಂಟಿ ಸಾಹಸಿಗಳೂ ಇದೇ ಸಾಲನ್ನೇ ಹಿಡಿದರು. ಬರ್ಟ್ ಹಿಂಕ್ಲರ್ 1928ರಲ್ಲಿ ಒಬ್ಬನೇ ಹದಿನೈದೂವರೆ ದಿನದಲ್ಲಿ ಡಾರ್ವಿನ್ ತಲುಪಿದ. 1930ರ ಮೇ 5ರಂದು ಏಮಿ ಜಾನ್ಸನ್ ಎಂಬ ಇಪ್ಪತ್ತಾರರ ಹೆಣ್ಣುಮಗಳು ಲಂಡನ್ನಿನ ಕ್ರಾಯ್ಡನ್‌ನಿಂದ ಹಳೆಯ ಜಿಪ್ಸಿ ಮಾತ್ ಒಂದರಲ್ಲಿ ಹೊರಟಳು. ಅಲಹಾಬಾದ್ ತಲುಪುವ ಮೊದಲೇ ಇಂಧನ ಮುಗಿಯುತ್ತಾ ಬಂದು ಝಾನ್ಸಿಯ ಸೇನಾ ಪರೇಡ್ ಮೈದಾನದಲ್ಲಿ ಇಳಿದಾಗ ಸಿಪಾಯಿಗಳು ದಿಕ್ಕಾಪಾಲಾಗಿ ಓಡಿದರು. ರೆಕ್ಕೆ ಮುರಿಯಿತು, ಅಲ್ಲೇ ಸರಿಪಡಿಸಿದರು. ರಂಗೂನಿನ ಪಕ್ಕದ ಇನ್‌ಸೀನ್‌ನಲ್ಲಿ ರೇಸ್‌ಕೋರ್ಸ್ ಎಂದು ತಪ್ಪು ತಿಳಿದು ಆಟದ ಮೈದಾನದಲ್ಲಿ ಇಳಿದು ಹಳ್ಳಕ್ಕೆ ಬಿದ್ದಳು. ಹರಿದ ರೆಕ್ಕೆಗೆ ತೇಪೆ ಹಾಕಿದ್ದು ಅಂಗಿಯ ಬಟ್ಟೆಯಿಂದ. ಯುದ್ಧ ಮುಗಿದ ಮೇಲೆ ಉಳಿದ ವಿಮಾನದ ಬಟ್ಟೆಯಿಂದಲೇ ಆ ಅಂಗಿಗಳನ್ನು ಹೊಲಿದಿದ್ದರಂತೆ. ಬಟ್ಟೆ ಮತ್ತೆ ವಿಮಾನಕ್ಕೆ ಸೇರಿತು. ಮೇ 24ಕ್ಕೆ ಅವಳು ಡಾರ್ವಿನ್‌ನಲ್ಲಿದ್ದಳು.

ಟಿಕೆಟ್ ಕೊಂಡು ಹೋಗುವ ಪ್ರಯಾಣಿಕರ ಕಾಲ ಆರಂಭವಾದದ್ದು ಹೆಚ್ಚು ಕಡಿಮೆ ಆಗಲೇ. 1929ರ ಮಾರ್ಚ್ 30ರಂದು ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್–ಕರಾಚಿ ಸೇವೆ ಶುರು ಮಾಡಿತು. ಏಳು ದಿನದ ಪ್ರಯಾಣ, ನಡುವೆ ಯುರೋಪಿನಲ್ಲಿ ಒಂದಿಷ್ಟು ದೂರ ರೈಲು. ಕೈರೋ–ಬಾಗ್ದಾದ್ ನಡುವಿನ ಮರುಭೂಮಿಯಲ್ಲಿ ಪೈಲಟ್‌ಗಳು ದಾರಿ ತಪ್ಪದಿರಲೆಂದು ಕೆಲವೆಡೆ ನೆಲದ ಮೇಲೆ ನೇಗಿಲಿನಿಂದ ಗೆರೆ ಹೂಡಿಸಿದ್ದರು. ಆಕಾಶದಲ್ಲಿ ಹೋಗುವವರು ನೆಲದ ಆ ಉಳುಮೆಯ ಗೆರೆ ನೋಡಿಕೊಂಡು ಹೋಗುತ್ತಿದ್ದರು.

ಈ ದಾರಿಯ ಒಂದು ಕವಲು ನಮ್ಮ ಕಡೆಗೂ ಬಂತು. ಲಂಡನ್ನಿನ ಅಂಚೆ ಕರಾಚಿಯವರೆಗೆ ಬರುತ್ತಿತ್ತು, ಆಮೇಲೆ ರೈಲೇ ಗತಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂದು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ಹೇರಿಕೊಂಡು ಕರಾಚಿಯಿಂದ ಅಹಮದಾಬಾದಿನ ಮೇಲೆ ಬೊಂಬಾಯಿಗೆ ಬಂದರು. ಅಹಮದಾಬಾದಿನಲ್ಲಿ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ. ಬೊಂಬಾಯಿಯಿಂದ ಅವರ ಪಾಲುಗಾರ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಆಗ ಬಳ್ಳಾರಿ ಮದರಾಸು ಪ್ರಾಂತ್ಯದ ಊರು. ಇಂಗ್ಲೆಂಡಿನಿಂದ ಹೊರಟ ಕಾಗದ ಕನ್ನಡ ನೆಲದಲ್ಲಿ ವಿಮಾನದಿಂದ ಇಳಿಯುವ ಕಾಲ ಅಲ್ಲಿಂದ ಶುರುವಾಯಿತು. ಮುಂದೆ ಏರ್ ಇಂಡಿಯಾ ಆಗಿ ಬೆಳೆದದ್ದು ಇದೇ ಅಂಚೆ ಸೇವೆ.

ಸಾಮ್ರಾಜ್ಯವೇ ಕಾವಲಿದ್ದರೂ ದಾರಿಯೇನು ನಿಶ್ಚಿಂತೆಯದಾಗಿರಲಿಲ್ಲ. ಕರಾಚಿಗೆ ಹೋಗುವ ವಿಮಾನಗಳು ಮೊದಲು ಪರ್ಷಿಯಾದ ಕರಾವಳಿಯುದ್ದಕ್ಕೂ ಹಾರುತ್ತಿದ್ದವು. ಪರ್ಷಿಯಾ ಅನುಮತಿ ಮುಂದುವರಿಸಲು ಒಪ್ಪಲಿಲ್ಲ. 1932ರಲ್ಲಿ ಇಡೀ ದಾರಿಯನ್ನೇ ಕೊಲ್ಲಿಯ ಆಚೆ ದಡಕ್ಕೆ, ಅರಬ್ಬರ ಕಡೆಗೆ ಸರಿಸಬೇಕಾಯಿತು. ಶಾರ್ಜಾದ ಶೇಖರೊಂದಿಗೆ ಒಪ್ಪಂದವಾಯಿತು; ಮರಳಿನ ನಡುವೆ ಕೋಟೆಯಂತಹ ತಂಗುಮನೆ ಎದ್ದಿತು. ಗಂಟೆಗೆ ನೂರಾ ಅರವತ್ತು ಕಿಲೋಮೀಟರ್ ವೇಗದ, ನಾಲ್ಕು ಎಂಜಿನ್ನಿನ ದೊಡ್ಡ ಹ್ಯಾಂಡ್ಲಿ ಪೇಜ್ ವಿಮಾನಗಳು ಅಲ್ಲಿ ರಾತ್ರಿ ತಂಗುತ್ತಿದ್ದವು, ಪ್ರಯಾಣಿಕರು ಗೋಡೆಯೊಳಗೆ ಮಲಗುತ್ತಿದ್ದರು. ಇಂದು ಕೇರಳ, ಕರಾವಳಿ ಕರ್ನಾಟಕದ ಸಾವಿರಾರು ಕುಟುಂಬಗಳಿಗೆ ಪರಿಚಿತವಾದ ಶಾರ್ಜಾ ವಿಮಾನದ ನಕ್ಷೆಗೆ ಸೇರಿದ್ದು ತೈಲದಿಂದಲ್ಲ, ಪರ್ಷಿಯಾದ ಮುನಿಸಿನಿಂದ.

1934ರ ಕೊನೆಗೆ ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆ ಇಂಪೀರಿಯಲ್ ಜೊತೆ ಕೈಜೋಡಿಸಿ ಅಂಚೆ ಸೇವೆಯನ್ನು ಬ್ರಿಸ್ಬೇನ್ ತನಕ ಎಳೆಯಿತು. ಮರುವರ್ಷ ಏಪ್ರಿಲ್‌ನಿಂದ ಪ್ರಯಾಣಿಕರನ್ನೂ ಹತ್ತಿಸಿಕೊಂಡರು. ಲಂಡನ್–ಬ್ರಿಸ್ಬೇನ್ ಹನ್ನೆರಡೂವರೆ ದಿನ, ಟಿಕೆಟ್ 195 ಪೌಂಡ್. ಪ್ಯಾರಿಸ್‌ನಿಂದ ಇಟಲಿಯ ಬ್ರಿಂಡಿಸಿವರೆಗೆ ಮಾತ್ರ ರೈಲು. ವಿಮಾನದ ಟಿಕೆಟ್ ಕೊಂಡವರು ಯುರೋಪನ್ನು ರೈಲಿನಲ್ಲಿ ದಾಟಬೇಕಿತ್ತು. ಕ್ವಾಂಟಾಸ್‌ನ ಹುಟ್ಟಿಗೂ 1919ರ ಪಂದ್ಯಕ್ಕೂ ನಂಟಿದೆ. ಅದನ್ನು ಕಟ್ಟಿದ ಹಡ್ಸನ್ ಫಿಶ್ ಮತ್ತು ಪಾಲ್ ಮೆಕ್‌ಗಿನೆಸ್ ಆ ವರ್ಷ ಪಂದ್ಯದ ವಿಮಾನಗಳಿಗೆ ಇಳಿದಾಣ ಹುಡುಕುತ್ತಾ ಒಂದು ಫೋರ್ಡ್ ಕಾರಿನಲ್ಲಿ ಉತ್ತರ ಆಸ್ಟ್ರೇಲಿಯಾದ ರಸ್ತೆಯೇ ಇಲ್ಲದ ಬಯಲನ್ನು ದಾಟಿದ್ದರು. ಇಂಥ ನಾಡಿಗೆ ಬೇಕಾದದ್ದು ರಸ್ತೆಯಲ್ಲ, ವಿಮಾನ ಎಂಬ ತೀರ್ಮಾನ ಅವರಿಗೆ ಆದದ್ದು ಆ ಪ್ರಯಾಣದಲ್ಲೇ. ಮುಂದಿನ ವರ್ಷವೇ ಕಂಪನಿ ಹುಟ್ಟಿತು.

ಅದೇ 1934ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ಮತ್ತೊಂದು ಪಂದ್ಯ ನಡೆಯಿತು. ಕಡ್ಡಾಯವಾಗಿ ಇಳಿಯಬೇಕಾದ ಊರುಗಳಲ್ಲಿ ಅಲಹಾಬಾದೂ ಒಂದು. ಗೆದ್ದದ್ದು ಬ್ರಿಟನ್ನಿನ ಕಾಮೆಟ್ ಎಂಬ ರೇಸಿನ ವಿಮಾನ, ಸುಮಾರು 71 ಗಂಟೆಯಲ್ಲಿ. ನಿಜವಾದ ಸುದ್ದಿ ಎರಡನೆಯ ಸ್ಥಾನದ್ದು. ಡಚ್ಚರ ಕೆಎಲ್‌ಎಂ ಸಂಸ್ಥೆಯ ಡಿಸಿ–2 ಮಾಮೂಲಿ ಪ್ರಯಾಣಿಕರ ವಿಮಾನ. ಪ್ರಯಾಣಿಕರನ್ನೂ ಅಂಚೆಯನ್ನೂ ಹೊತ್ತುಕೊಂಡೇ ಪಂದ್ಯಕ್ಕಿಳಿದಿತ್ತು. ಗುರಿ ಹತ್ತಿರವಿರುವಾಗ ರಾತ್ರಿ ಗುಡುಗು ಮಳೆಗೆ ಸಿಕ್ಕಿ ದಾರಿ ತಪ್ಪಿತು. ಕೆಳಗಿದ್ದ ಆಲ್ಬರಿ ಎಂಬ ಊರಿನವರು ಇಡೀ ಊರಿನ ಬೀದಿದೀಪಗಳನ್ನು ಆರಿಸಿ ಹತ್ತಿಸಿ ಮೋರ್ಸ್ ಸಂಕೇತದಲ್ಲಿ ತಮ್ಮ ಊರ ಹೆಸರನ್ನು ಆಕಾಶಕ್ಕೆ ತೋರಿಸಿದರು. ರೇಡಿಯೊದಲ್ಲಿ ಕರೆ ಕೇಳಿ ಕಾರಿದ್ದವರೆಲ್ಲ ರೇಸ್‌ಕೋರ್ಸಿಗೆ ಬಂದು ಹೆಡ್‌ಲೈಟ್ ಹಚ್ಚಿ ಸಾಲಾಗಿ ನಿಂತರು. ಆ ಬೆಳಕಿನಲ್ಲಿ ವಿಮಾನ ಇಳಿಯಿತು. ಬೆಳಿಗ್ಗೆ ಜನರೇ ಹಗ್ಗ ಕಟ್ಟಿ ಕೆಸರಿನಿಂದ ಎಳೆದು ಬಿಟ್ಟರು. ಇಂಪೀರಿಯಲ್ ಹನ್ನೆರಡೂವರೆ ದಿನದ ವೇಳಾಪಟ್ಟಿ ಸಿದ್ಧ ಮಾಡುತ್ತಿದ್ದ ಹೊತ್ತಿಗೇ, ಪ್ರಯಾಣಿಕರ ವಿಮಾನವೊಂದು ಇದೇ ದೂರವನ್ನು ನಾಲ್ಕು ದಿನದೊಳಗೆ ದಾಟಬಲ್ಲದು ಎಂದು ಡಚ್ಚರು ತೋರಿಸಿಬಿಟ್ಟರು.

ಬ್ರಿಟಿಷರ ಉತ್ತರ ನೀರಿನ ಮೇಲೆ ಬಂತು. 1938ರ ಜುಲೈಯಲ್ಲಿ ಸಿಡ್ನಿಯ ರೋಸ್ ಬೇಯಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಶಾರ್ಟ್ ಕಂಪನಿಯ ಹಾರುವ ದೋಣಿಗಳು ಹೊರಟವು. ರನ್‌ವೇ ಕಟ್ಟುವ ಖರ್ಚಿಲ್ಲ, ಕೆರೆಯೋ ಹೊಳೆಯೋ ಸಾಕು. ಭಾರತದಲ್ಲಿ ಅವು ಇಳಿಯುತ್ತಿದ್ದ ಜಾಗಗಳು ಓದುವುದಕ್ಕೇ ಸೊಗಸು: ಕರಾಚಿಯ ಬಂದರು, ಮೇವಾಡದ ರಾಜಸಮಂದ ಕೆರೆ, ಗ್ವಾಲಿಯರ್‌ನ ಜಲಾಶಯ, ಅಲಹಾಬಾದಿನಲ್ಲಿ ಯಮುನೆ, ಕಲ್ಕತ್ತೆಯಲ್ಲಿ ಹೂಗ್ಲಿ. ಹದಿನೇಳನೆಯ ಶತಮಾನದಲ್ಲಿ ಮಹಾರಾಣಾ ರಾಜಸಿಂಹ ಕಟ್ಟಿಸಿದ ಕೆರೆ ರಾಜಸಮಂದ. ಅದರ ಏರಿಯ ಮೇಲೆ ರಾಜಪ್ರಶಸ್ತಿ ಎಂಬ ದೀರ್ಘ ಸಂಸ್ಕೃತ ಶಾಸನವಿದೆ. ಆ ಶಾಸನದ ಎದುರಿನ ನೀರಿನಲ್ಲಿ ಲಂಡನ್–ಸಿಡ್ನಿ ವಿಮಾನ ನೊರೆಯೆಬ್ಬಿಸಿ ಇಳಿಯುತ್ತಿತ್ತು. ಪ್ರಯಾಣಿಕರು ಹದಿನೈದೇ ಮಂದಿ. ಕುರ್ಚಿ ಬಿಟ್ಟೆದ್ದು ಕಿಟಕಿಯುದ್ದಕ್ಕೂ ಕಂಬಿ ಹಿಡಿದು ನಿಂತು ಕೆಳಗಿನ ಗದ್ದೆ, ಹೊಳೆ ನೋಡಬಹುದಿತ್ತು. ರಾತ್ರಿ ಒಳ್ಳೆಯ ಹೋಟೆಲು. ಒಟ್ಟು ಒಂಬತ್ತು ಹತ್ತು ದಿನ. ಈ ದಾರಿಯಲ್ಲಿ ಆಮೇಲೆ ಬಂದ ಯಾವ ವಿಮಾನದಲ್ಲೂ ಇಷ್ಟು ಸುಖವಿರಲಿಲ್ಲ. ಆದರೆ ಅದು ಉಳ್ಳವರ, ಅಧಿಕಾರಿಗಳ ಸುಖ. ಕೆರೆಯ ದಂಡೆಯಲ್ಲಿ ನಿಂತು ನೋಡುತ್ತಿದ್ದವರಿಗೆ ಅದರ ಟಿಕೆಟ್ಟಿನ ಬೆಲೆ ಕೇಳುವ ಪ್ರಶ್ನೆಯೇ ಇರಲಿಲ್ಲ.

ಆ ವೈಭವ ಎರಡು ವರ್ಷಕ್ಕೇ ಮುಗಿಯಿತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದು ಮೆಡಿಟರೇನಿಯನ್ ಮುಚ್ಚಿತು. 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನಿಗೆ ಬಿತ್ತು, ಹಿಂದೆಯೇ ರಂಗೂನ್, ಜಾವಾ. ಸಾಲಿನ ನಡುವಿನ ಊರುಗಳೆಲ್ಲ ಶತ್ರುವಿನ ಕೈಯಲ್ಲಿ. ಆಸ್ಟ್ರೇಲಿಯಾಕ್ಕೆ ಬ್ರಿಟನ್ನಿನೊಡನೆ ಈ ದಿಕ್ಕಿನ ವಿಮಾನ ಸಂಪರ್ಕವೇ ಕಡಿದುಹೋಯಿತು.

ಆಗ ನಡೆದದ್ದು ಈ ಚರಿತ್ರೆಯ ಅತ್ಯಂತ ವಿಚಿತ್ರ ಅಧ್ಯಾಯ. ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಲೋನಿನ ದಕ್ಷಿಣ ತೀರದ ಕೊಗ್ಗಲ ಸರೋವರಕ್ಕೆ ಹಿಂದೂ ಮಹಾಸಾಗರದ ಮೇಲೆ ಸುಮಾರು 5,650 ಕಿ.ಮೀ. ನಡುವೆ ಎಲ್ಲೂ ಇಳಿಯುವಂತಿರಲಿಲ್ಲ. 1943ರ ನಡುಭಾಗದಿಂದ ಕ್ವಾಂಟಾಸ್ ಈ ದೂರವನ್ನು ಕಟಲೀನಾ ಎಂಬ ಎರಡು ಎಂಜಿನ್ನಿನ ಹಾರುವ ದೋಣಿಗಳಲ್ಲಿ ಒಂದೇ ಉಸಿರಿಗೆ ದಾಟತೊಡಗಿತು. ಐದು ವಿಮಾನ. ಆಲ್ಟೇರ್, ವೇಗಾ, ರೈಜಲ್, ಆಂಟಾರಿಸ್, ಸ್ಪೈಕಾ ಎಂದು ಅವಕ್ಕೆ ನಕ್ಷತ್ರಗಳ ಹೆಸರು. ನಮ್ಮ ಲೆಕ್ಕದಲ್ಲಿ ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ರಾ ಅವುಗಳಲ್ಲಿ ನಾಲ್ಕು. ಹೆಸರು ಅಲಂಕಾರಕ್ಕಲ್ಲ. ಜಪಾನೀಯರಿಗೆ ಸುಳಿವು ಸಿಗಬಾರದೆಂದು ರೇಡಿಯೊ ಮಾತಾಡುವಂತಿರಲಿಲ್ಲ. ನಾವಿಕ ನಕ್ಷತ್ರ ನೋಡಿಯೇ ದಾರಿ ಹಿಡಿಯಬೇಕಿತ್ತು. ಇಂಧನ ತುಂಬಿದ ಮೇಲೆ ಉಳಿಯುತ್ತಿದ್ದದ್ದು ಮೂವರು ಪ್ರಯಾಣಿಕರಿಗೆ ಮತ್ತು ಎಪ್ಪತ್ತು ಕಿಲೋದಷ್ಟು ಅಂಚೆಗೆ ಜಾಗ. ಹೊರೆ ಇಳಿಸಲು ಒಳಗಿನ ಬೇಡದ ಸಾಮಾನನ್ನೆಲ್ಲ ಕಿತ್ತು ಹಾಕಿದ್ದರು. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗ. ಜಪಾನಿ ವಿಮಾನಗಳ ಕಣ್ಣಿಗೆ ಬೀಳಬಹುದಾದ ಕಡಲನ್ನು ಕತ್ತಲಲ್ಲಿ ದಾಟುವಂತೆ ಹೊರಡುವ ವೇಳೆ ಗೊತ್ತು ಮಾಡುತ್ತಿದ್ದರು.

ಹಾರಾಟ 27ರಿಂದ 32 ಗಂಟೆಯ ಆಸುಪಾಸು. ಹೊರಟವರು ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯೋದಯ ಕಾಣುತ್ತಿದ್ದರು. ‘ಎರಡು ಸೂರ್ಯೋದಯಗಳ ಗುಪ್ತ ಬಳಗ’ಕ್ಕೆ ಸೇರಿದಿರಿ ಎಂದು ಪ್ರಯಾಣಿಕರಿಗೆ ಒಂದು ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಯುದ್ಧದ ನಡುವೆಯೂ ಇಂಥ ತಮಾಷೆಗೆ ಯಾರೋ ಕಾಗದ, ಶಾಯಿ ಹೊಂದಿಸಿದ್ದರು. 1945ರ ಜುಲೈವರೆಗೆ 271 ಸಲ ಸಾಗರ ದಾಟಿ 860 ಜನರನ್ನು ಸಾಗಿಸಿದರು. ಒಬ್ಬರೂ ಸಾಯಲಿಲ್ಲ. ಅತಿ ದೀರ್ಘ ಹಾರಾಟ 32 ಗಂಟೆ 9 ನಿಮಿಷ. ಗಾಳಿಯಲ್ಲಿ ಕಳೆದ ಹೊತ್ತಿನ ಲೆಕ್ಕದಲ್ಲಿ ನಿಗದಿತ ಪ್ರಯಾಣಿಕ ಸೇವೆಯ ಆ ದಾಖಲೆ ಇವತ್ತಿಗೂ ಮುರಿದಿಲ್ಲ, ಮುರಿಯುವ ಆಸೆಯೂ ಯಾರಿಗೂ ಇರಲಾರದು. ಯುದ್ಧ ಮುಗಿದ ಮೇಲೆ, ಅಮೆರಿಕದೊಡನೆ ಆಗಿದ್ದ ಸಾಲದ ಕರಾರಿನ ಪ್ರಕಾರ, ಐದೂ ವಿಮಾನಗಳನ್ನು ಕಡಲಲ್ಲಿ ಮುಳುಗಿಸಿದರು.

ಕಟಲೀನಾ ಬೆಂಗಳೂರಿಗೆ ಅಪರಿಚಿತವಲ್ಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕನ್ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು. ಇದೇ ಮಾದರಿಯ ಹಾರುವ ದೋಣಿಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಈಗ ನೊರೆಗೆ ಹೆಸರಾದ ಅದೇ ಕೆರೆ.

1947ರ ಡಿಸೆಂಬರ್ 1ರಂದು ಕ್ವಾಂಟಾಸ್‌ನ ಲಾಕ್‌ಹೀಡ್ ಕಾನ್‌ಸ್ಟಲೇಷನ್ 29 ಪ್ರಯಾಣಿಕರೊಡನೆ ಸಿಡ್ನಿಯಿಂದ ಲಂಡನ್‌ಗೆ ಹೊರಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೋಲಿ. ನಾಲ್ಕು ದಿನ. ಜಿಗಿದು ಜಿಗಿದು ಹೋಗುವುದರಿಂದ ಇದಕ್ಕೆ ಕಾಂಗರೂ ದಾರಿ ಎಂದೇ ಹೆಸರಾಯಿತು. ಹೋಗಿ ಬರುವ ಟಿಕೆಟ್ 585 ಪೌಂಡ್. ಸಾಮಾನ್ಯ ಕೆಲಸಗಾರನ ಒಂದು ವರ್ಷದ ಸಂಬಳ ಅದಕ್ಕೆ ಸಾಲುತ್ತಿರಲಿಲ್ಲ. ದೇಶ ವಿಭಜನೆಯಾಗಿ ಮೂರೂವರೆ ತಿಂಗಳಷ್ಟೇ ಆಗಿತ್ತು. 1919ರಲ್ಲಿ ಒಂದೇ ದೇಶದ ಎರಡು ತುದಿಗಳಾಗಿದ್ದ ಕಲ್ಕತ್ತಾ ಮತ್ತು ಕರಾಚಿ ಈಗ ಎರಡು ದೇಶಗಳ ನಿಲ್ದಾಣಗಳು.

ಜೆಟ್ ಬಂದ ಮೇಲಿನ ಕಥೆಯನ್ನು ಬೇಗ ಹೇಳಬಹುದು. 1959ರಲ್ಲಿ ಬೋಯಿಂಗ್ 707 ಪ್ರಯಾಣವನ್ನು ಒಂದೂವರೆ ದಿನದೊಳಗೆ ತಂದಿತು. 1971ರಲ್ಲಿ ಕ್ವಾಂಟಾಸ್‌ಗೆ ಬಂದ ಜಂಬೋ 747 ಟಿಕೆಟ್ಟನ್ನು ಮಧ್ಯಮ ವರ್ಗದವರಿಗೂ ಎಟುಕುವಂತೆ ಮಾಡಿತು. ಕಲ್ಕತ್ತಾ, ಕರಾಚಿ, ಬೊಂಬಾಯಿ ಒಂದೊಂದಾಗಿ ಪಟ್ಟಿಯಿಂದ ಬಿದ್ದುಹೋದವು. ಉಳಿದದ್ದು ಸಿಂಗಪುರವೋ ಬ್ಯಾಂಕಾಕೋ. ಅಲಹಾಬಾದು ಒಂದು ಕಾಲದಲ್ಲಿ ಜಗತ್ತಿನ ವಿಮಾನ ನಕ್ಷೆಯ ದೊಡ್ಡ ಚುಕ್ಕೆಯಾಗಿತ್ತೆಂದು ಹೇಳಿದರೆ ನಂಬುವವರು ಕಡಿಮೆ. ವೇಗ ಮಾತ್ರ ಅಲ್ಲಿಗೇ ನಿಂತಿತು. 707 ಗಂಟೆಗೆ ಒಂಬೈನೂರು ಕಿಲೋಮೀಟರಿನ ಆಸುಪಾಸು ಹಾರುತ್ತಿತ್ತು, ಇಂದಿನ ವಿಮಾನವೂ ಅಷ್ಟೇ. ಶಬ್ದಕ್ಕಿಂತ ವೇಗವಾದ ಕಾನ್‌ಕಾರ್ಡನ್ನು 1977ರಲ್ಲಿ ಲಂಡನ್‌ನಿಂದ ಬಹರೈನ್ ಮೂಲಕ ಸಿಂಗಪುರಕ್ಕೆ ಓಡಿಸಿ ನೋಡಿದರು. ತಲೆಯ ಮೇಲಿನ ಸದ್ದಿಗೆ ಮಲೇಷ್ಯಾ ತಕರಾರು ತೆಗೆಯಿತು, ಕೆಲವೇ ಹಾರಾಟಕ್ಕೆ ಸೇವೆ ನಿಂತಿತು. ಮತ್ತೆ ಆರಂಭವಾದರೂ 1980ಕ್ಕೆ ಪೂರ್ತಿ ಮುಗಿಯಿತು.

ಒಂದೂ ನಿಲ್ದಾಣವಿಲ್ಲದೆ ಲಂಡನ್ನಿನಿಂದ ಸಿಡ್ನಿಗೆ ಹೋಗಲು ಸಾಧ್ಯ ಎಂದು ತೋರಿಸಿದ್ದು 1989ರ ಆಗಸ್ಟ್‌ನಲ್ಲಿ, ಕ್ವಾಂಟಾಸ್‌ನ ಹೊಸ 747–400. ಅದಕ್ಕೆ ಮಾಡಿದ ಏರ್ಪಾಡು ನೋಡಿದರೆ ಅಂದಿನ ಕಷ್ಟ ತಿಳಿಯುತ್ತದೆ. ಅಷ್ಟೇ ಟ್ಯಾಂಕಿನಲ್ಲಿ ಹೆಚ್ಚು ಶಕ್ತಿ ಹಿಡಿಸಲೆಂದು ಹೆಚ್ಚು ಸಾಂದ್ರತೆಯ ವಿಶೇಷ ಇಂಧನವನ್ನು ಜರ್ಮನಿಯಿಂದ ತರಿಸಿದರು. ಓಡುದಾರಿಯವರೆಗೆ ಹೋಗಲು ಎಂಜಿನ್ ಸುಡಬಾರದೆಂದು ವಿಮಾನವನ್ನು ಟ್ರ್ಯಾಕ್ಟರ್‌ನಿಂದ ಎಳೆದೊಯ್ದರು. ನಾನೂರರ ಹತ್ತಿರ ಸೀಟಿನ ವಿಮಾನದಲ್ಲಿ ಇದ್ದವರು ಎರಡು ಡಜನ್ನಿಗೂ ಕಡಿಮೆ. ಗಾಳಿ ಬೆನ್ನಿಗಿರಲೆಂದು ಪಶ್ಚಿಮದಿಂದ ಪೂರ್ವಕ್ಕೆ ಹಾರಿದರು. 20 ಗಂಟೆ 9 ನಿಮಿಷ 5 ಸೆಕೆಂಡಿಗೆ ಸಿಡ್ನಿ. ಸ್ಮಿತ್ ಸಹೋದರರಿಗೆ ಹಿಡಿದ ಕಾಲದ ಮೂವತ್ತಮೂರನೆಯ ಒಂದು ಪಾಲು. ಆದರೆ ಇದು ಮಾರುವ ಸರಕಾಗಿರಲಿಲ್ಲ. ಖಾಲಿ ವಿಮಾನ ಹಾರಿಸಿ ಕಂಪನಿ ನಡೆಸಲಾಗದು. 2015ರಲ್ಲಿ ನಿವೃತ್ತಿಯಾದ ಅದೇ ವಿಮಾನ ಸಿಡ್ನಿಯಿಂದ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಮಾಡಿದ ಕೊನೆಯ ಹಾರಾಟ ಕಾಲು ಗಂಟೆಯ ಮಾತು.

ಸಾಧ್ಯವಾದದ್ದು ಲಾಭವಾಗುವುದಕ್ಕೆ ಇನ್ನೂ ಮೂರು ದಶಕ ಬೇಕಾಯಿತು. 2018ರ ಮಾರ್ಚ್‌ನಲ್ಲಿ ಕ್ವಾಂಟಾಸ್‌ನ ಬೋಯಿಂಗ್ 787 ಪರ್ತ್‌ನಿಂದ ಲಂಡನ್‌ಗೆ 14,498 ಕಿ.ಮೀ.ಯನ್ನು ಸುಮಾರು ಹದಿನೇಳು ಗಂಟೆಯಲ್ಲಿ ನಿಲ್ಲದೆ ಹಾರಿತು. ಆಸ್ಟ್ರೇಲಿಯಾ ಮತ್ತು ಯುರೋಪಿನ ನಡುವೆ ನಿಗದಿತ ನೇರ ಸೇವೆ ಅದೇ ಮೊದಲು. ಸಾಧ್ಯ ಮಾಡಿದ್ದು ವೇಗವಲ್ಲ, ಹಗುರವಾದ ಮೈ ಮತ್ತು ಕಡಿಮೆ ಇಂಧನ ಕುಡಿಯುವ ಎಂಜಿನ್. ಸಿಡ್ನಿ–ಲಂಡನ್ ನೇರ ಸೇವೆಗಾಗಿ 2022ರಲ್ಲಿ ಕ್ವಾಂಟಾಸ್ ಹನ್ನೆರಡು ಏರ್‌ಬಸ್ ಎ350–1000 ವಿಮಾನಗಳಿಗೆ ಬೇಡಿಕೆ ಇಟ್ಟಿತು. ಇಪ್ಪತ್ತು ಸಾವಿರ ಲೀಟರಿನ ಹೆಚ್ಚುವರಿ ಟ್ಯಾಂಕ್, 238 ಸೀಟು ಮಾತ್ರ, ಇಪ್ಪತ್ತೆರಡು ಗಂಟೆಯವರೆಗೆ ಹಾರುವ ಶಕ್ತಿ. ಯೋಜನೆಗೆ ‘ಸನ್‌ರೈಸ್’ ಎಂಬ ಹೆಸರು ಬಂದದ್ದು ಆ ಯುದ್ಧಕಾಲದ ಕಟಲೀನಾಗಳಿಂದ.

ಟ್ಯಾಂಕಿನ ಸಮಸ್ಯೆ, ಕತ್ತಲೆಯ ಸಮಸ್ಯೆ, ಎಂಜಿನ್ನಿನ ಸಮಸ್ಯೆ ಹೀಗೆ ಬಗೆಹರಿದವು. ಬಗೆಹರಿಯದೆ ಉಳಿದದ್ದು 1932ರಲ್ಲಿ ಪರ್ಷಿಯಾ ಎತ್ತಿದ ಪ್ರಶ್ನೆ: ಯಾರ ಆಕಾಶದಲ್ಲಿ ಯಾರು ಹಾರಬಹುದು? 2022ರಲ್ಲಿ ಉಕ್ರೇನ್ ಯುದ್ಧದ ಹಿಂದೆಯೇ ರಷ್ಯಾ ಯುರೋಪು, ಅಮೆರಿಕಗಳ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಒಂಬತ್ತು ಚಿಲ್ಲರೆ ಗಂಟೆಯ ಹೆಲ್ಸಿಂಕಿ–ಟೋಕಿಯೊ ಹಾರಾಟ ರಾತ್ರಿ ಬೆಳಗಾಗುವುದರೊಳಗೆ ಹದಿಮೂರು ಗಂಟೆಯದಾಯಿತು. 2024ರ ಏಪ್ರಿಲ್‌ನಲ್ಲಿ ಇರಾನ್–ಇಸ್ರೇಲ್ ಬಿಕ್ಕಟ್ಟು ಏರಿದಾಗ, ಇರಾನಿನ ಆಕಾಶ ತಪ್ಪಿಸಲು ಹೋಗಿ ಇಂಧನ ಸಾಲದೆ, ಪರ್ತ್–ಲಂಡನ್ ನೇರ ವಿಮಾನ ಕೆಲಕಾಲ ಸಿಂಗಪುರದಲ್ಲಿ ಇಳಿದು ಹೋಗಬೇಕಾಯಿತು.

ಬೆಂಗಳೂರಿಗೂ ಇದರ ಬಿಸಿ ತಟ್ಟಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಬೆಂಗಳೂರಿಗೆ ಹದಿನೇಳು ಗಂಟೆಯಲ್ಲಿ ಹಾರಿ ಬಂದರು. ಅದೇ ಜೋಡಿ ಊರುಗಳ ನಡುವೆ ಅಮೆರಿಕದ ಯುನೈಟೆಡ್ ಸಂಸ್ಥೆ ಪ್ರಕಟಿಸಿದ್ದ ನೇರ ಸೇವೆ, ಮೊದಲು ಕೋವಿಡ್‌ನಿಂದ, ಆಮೇಲೆ ರಷ್ಯಾದ ಆಕಾಶ ಮುಚ್ಚಿದ್ದರಿಂದ, ಆರಂಭವಾಗಲೇ ಇಲ್ಲ. ದೂರ ಒಂದೇ. ಬಾಲದ ಮೇಲಿನ ಬಾವುಟ ಬೇರೆ. ಸಿಡ್ನಿಯ ಕಡೆಗಾದರೋ ದಾರಿ ತೆರೆದಿದೆ: 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಾಸ್ ಸಿಡ್ನಿ–ಬೆಂಗಳೂರು ನೇರ ಹಾರಾಟ ಆರಂಭಿಸಿತು, ಹನ್ನೆರಡು ಗಂಟೆಯೊಳಗಿನ ಪ್ರಯಾಣ.

ಪಶ್ಚಿಮದ ಮಾತು ಬೇರೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಅಲ್ಲಿಂದ ಮುಂದೆ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಏರ್ ಇಂಡಿಯಾ ವಿಮಾನಗಳು ಸುತ್ತುದಾರಿ ಹಿಡಿದು, ಇಂಧನ ತುಂಬಿಸಿಕೊಳ್ಳಲು ವಿಯೆನ್ನಾದಲ್ಲಿ ಇಳಿಯತೊಡಗಿದವು.